ಕೀಪ್ಯಾಡ್ ಫೋನಿನಲ್ಲಿ ಭಾನುವಾರದ ಬಲಿಪೂಜೆ: ನನ್ನ ಅನುಭವ

2020ರ ಏಪ್ರಿಲ್‌ನ ಲಾಕ್‌ಡೌನಿನಲ್ಲಿ, ಚರ್ಚಿನ ಬಲಿಪೂಜೆಯನ್ನು (ಮಾಸ್) ಫೋನ್ ಕಾಲ್‌ನಲ್ಲೇ ಮನೆಗಳಿಗೆ ಕೇಳಿಸೋಣ ಎಂದು ನಾನು ಹೇಳಿದಾಗ ನಮ್ಮ ಪಾಲನಾ ಸಮಿತಿಯಲ್ಲಿ (ಚರ್ಚಿನ ಕೆಲಸ ನೋಡಿಕೊಳ್ಳುವ ಸಮಿತಿ) ಒಬ್ಬರೂ ಒಪ್ಪಲಿಲ್ಲ. "ಫೋನ್ ಕಾಲ್‌ನಲ್ಲಿ ಪೂಜೆ ಕೇಳಿಸ್ತೀಯಾ? ಜನ ಹತ್ತು ನಿಮಿಷ ಕೂರಲ್ಲ" ಅಂದರು. ಅದೇ ವ್ಯವಸ್ಥೆ ಕೊರೊನಾದ ಎರಡೂ ಅಲೆ ದಾಟಿತು. ಆಮೇಲೆ ಅಕ್ಕಪಕ್ಕದ ಧರ್ಮಕೇಂದ್ರಗಳವರು (ಒಂದೊಂದು ಚರ್ಚಿಗೆ ಸೇರಿದ ಊರುಗಳವರು) ಬಂದು ನೋಡಿ ಬರೆದುಕೊಂಡು ಹೋದರು. ಚರ್ಚಿನಲ್ಲಿ ಸೌಂಡ್ ನೋಡಿಕೊಳ್ಳುವ ನನ್ನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಿಕ್ಸರ್ (ಮೈಕ್‌ಗಳ ಸದ್ದು ಬೆರೆಸುವ ಪೆಟ್ಟಿಗೆ), ಆಕ್ಸ್ (ಸದ್ದನ್ನು ಬೇರೆಡೆ ಒಯ್ಯುವ ಜೋಡಣೆ), ಗೇನ್ (ಸದ್ದು ಹಿಗ್ಗಿಸುವ ಮಟ್ಟ) ನಿಮಗೆ ಗೊತ್ತಿದೆ ಅಂದುಕೊಂಡೇ ಮುಂದೆ ಹೋಗುತ್ತೇನೆ.

ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವಿನ ಧರ್ಮಕೇಂದ್ರ. ಹೆಚ್ಚುಕಡಿಮೆ 180 ಕುಟುಂಬ. ಅರ್ಧಕ್ಕಿಂತ ಹೆಚ್ಚು ಜನ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೆಲಸಗಾರರ ಸಾಲು ಮನೆಗಳಲ್ಲಿ ಇರುವವರು. ಸ್ಮಾರ್ಟ್‌ಫೋನ್ ಇರುವ ಮನೆಯಲ್ಲಿ ಸಿಗ್ನಲ್ ಇಲ್ಲ, ಸಿಗ್ನಲ್ ಇರುವ ಕಡೆ ಇರುವುದು ಕೀಪ್ಯಾಡ್ ಫೋನು. ಮಾರ್ಚ್ 22ರ ಜನತಾ ಕರ್ಫ್ಯೂ ಭಾನುವಾರವೇ ಬಂತು. ಅಂದು ಮುಚ್ಚಿದ ಬಾಗಿಲು 25ರಿಂದ ಲಾಕ್‌ಡೌನ್ ಆದ ಮೇಲೆ ತೆರೆಯಲೇ ಇಲ್ಲ. ಎದುರಿಗೇ ಪವಿತ್ರ ವಾರ, ಈಸ್ಟರ್‌ಗೆ ಮುಂಚಿನ ವಾರ.

ಮೊದಲು ಎಲ್ಲರಂತೆ ನಾವೂ ವಿಡಿಯೋ ಹಿಂದೆ ಬಿದ್ದೆವು. ಯುವಕರು ಯೂಟ್ಯೂಬ್ ಚಾನೆಲ್ ಮಾಡಿದರು. ಮೊಬೈಲಿನಿಂದ ನೇರ ಪ್ರಸಾರಕ್ಕೆ ಆಗ 1000 ಚಂದಾದಾರರು ಬೇಕಿತ್ತು, ನಮ್ಮ ಇಡೀ ಧರ್ಮಕೇಂದ್ರದ ಜನರನ್ನು ಎಣಿಸಿದರೂ ಅಷ್ಟಾಗುತ್ತಿರಲಿಲ್ಲ. ಹಾಗಾಗಿ ಲ್ಯಾಪ್‌ಟಾಪ್, ಓಬಿಎಸ್ (ನೇರ ಪ್ರಸಾರದ ತಂತ್ರಾಂಶ), ವೆಬ್‌ಕ್ಯಾಮ್, ಎರಡು ಡಾಂಗಲ್. ಒಟ್ಟು ಒಂಬತ್ತು ಸಾವಿರದ ಹತ್ತಿರ ಖರ್ಚು, ಅದರಲ್ಲಿ ಅರ್ಧ ಫಾದರ್ ಕೈಯಿಂದಲೇ ಹೋಯಿತು. ಗರಿಗಳ ಭಾನುವಾರ, ಏಪ್ರಿಲ್ 5ರಂದು, ಒಂದೇ ಸಮಯಕ್ಕೆ ನೋಡುತ್ತಿದ್ದವರು ಹನ್ನೆರಡೋ ಹದಿನೈದೋ ಮಂದಿ. ಅವರಲ್ಲೂ ಹೆಚ್ಚಿನವರು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುವ ನಮ್ಮೂರ ಮಕ್ಕಳು. ಅವರಿಗೆ ಬೇಕಿದ್ದರೆ ವ್ಯಾಟಿಕನ್‌ನಿಂದ ಹಿಡಿದು ಯಾವ ಪೂಜೆ ಬೇಕಾದರೂ ಸಿಗುತ್ತಿತ್ತು. ಲೈನ್ ಮನೆಯ ಮುದುಕಮ್ಮನಿಗೆ ಏನೂ ಸಿಗಲಿಲ್ಲ. ಪವಿತ್ರ ಗುರುವಾರ ವ್ಯಾಟಿಕನ್ ಆದೇಶದಂತೆ ಪಾದ ತೊಳೆಯುವ ವಿಧಿ ಇರಲಿಲ್ಲ. ಶುಭ ಶುಕ್ರವಾರ ಶಿಲುಬೆಯ ಆರಾಧನೆಗೆ ಬರುವಷ್ಟರಲ್ಲಿ ಚಿತ್ರ ನಿಂತೇ ಹೋಯಿತು. ನಮ್ಮ ಕಡೆ ಅಪ್‌ಲೋಡ್ ಒಂದು ಎಂಬಿಪಿಎಸ್ ಕೂಡ ಸ್ಥಿರವಾಗಿ ಸಿಗುವುದಿಲ್ಲ, 720ಪಿ ಗುಣಮಟ್ಟದ ವಿಡಿಯೋಗೆ ಎರಡೂವರೆಯಾದರೂ ಬೇಕು. ಪಾಸ್ಖ (ಈಸ್ಟರ್) ಕಳೆದ ಮೇಲೆ ನಾನು ವಿಡಿಯೋ ಆಸೆ ಬಿಟ್ಟೆ.

ನನ್ನ ಲೆಕ್ಕ ಸರಳವಾಗಿತ್ತು. ಒಂದು ಮೊಬೈಲಿನಿಂದ ಕಾನ್ಫರೆನ್ಸ್‌ನಲ್ಲಿ ಐದು ಜನರನ್ನು ಸೇರಿಸಬಹುದು. ಮಿಕ್ಸರ್ ಪಕ್ಕ ಮೂರು ಫೋನ್ ಇಟ್ಟರೆ ಹದಿನೈದು ಸಂಪರ್ಕ. ಒಂದೊಂದು ಸಂಪರ್ಕ ಒಂದು ಮನೆಗಲ್ಲ, ಒಂದು ಲೈನಿಗೆ. ಸಾಲಿನ ಮಧ್ಯದ ಮನೆಯ ಜಗಲಿಯಲ್ಲಿ ಒಂದು ಕೀಪ್ಯಾಡ್ ಫೋನು, ಅದಕ್ಕೆ ಆಕ್ಸ್ ವೈರಿನಲ್ಲಿ ಒಂದು ಸಣ್ಣ ಸ್ಪೀಕರ್. ಎಂಟು ಹತ್ತು ಮನೆಯವರು ಅವರವರ ಹೊಸಿಲಲ್ಲೇ ಕೂತು ಕೇಳಬಹುದು, ಯಾರೂ ಗುಂಪು ಸೇರಬೇಕಿಲ್ಲ. ಕರೆ ಮಾಡುವುದು ಚರ್ಚಿನ ಕಡೆಯಿಂದ, ಆದ್ದರಿಂದ ಅವರಿಗೆ ಪೈಸೆ ಖರ್ಚಿಲ್ಲ. ನಮಗೆ ಮೂರು ಸಿಮ್ಮಿನ ರೀಚಾರ್ಜ್, ಆಗ ತಲಾ ನೂರೈವತ್ತು ಇನ್ನೂರು ರೂಪಾಯಿ. ಹಳೇ ಆಂಡ್ರಾಯ್ಡ್ ಫೋನುಗಳನ್ನು ಜನ ದಾನ ಕೊಟ್ಟರು. ಸ್ಪೀಕರ್‌ಗಳು ಹೆಚ್ಚಿನ ಸಾಲುಗಳಲ್ಲಿ ಆಗಲೇ ಇದ್ದವು, ಇಲ್ಲದ ಕಡೆಗೆ ನನ್ನ ಅಂಗಡಿಯ ಹಳೇ ಪೆಟ್ಟಿಗೆಗಳನ್ನು ಕೊಟ್ಟೆ. ವೈರು, ಪಿನ್ನು, ರೆಸಿಸ್ಟರ್ ಎಲ್ಲ ಸೇರಿ ಎಂಟುನೂರು ದಾಟಿರಲಿಕ್ಕಿಲ್ಲ.

ಮೊದಲ ವಾರಗಳು ಕಷ್ಟದವು. ಮಿಕ್ಸರ್‌ನ ಲೈನ್ ಔಟ್‌ನ್ನು ನೇರ ಫೋನಿನ ಮೈಕ್‌ಗೆ ಕೊಟ್ಟರೆ ಒಡೆದ ಸದ್ದು ಬರುತ್ತದೆ, ರೆಸಿಸ್ಟರ್ ಹಾಕಿ ಇಳಿಸಬೇಕು, ಅದು ಗೊತ್ತಿದ್ದದ್ದೇ. ಅದಾದ ಮೇಲೆ ಹಮ್ಮಿಂಗ್. ಚಾರ್ಜರ್ ಸಿಕ್ಕಿಸಿದೊಡನೆ ಗುಂಯ್ ಅನ್ನುತ್ತಿತ್ತು. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಎರಡು ಉಪಕರಣಗಳ ವಿದ್ಯುತ್ ಸಂಪರ್ಕ ಬೇರ್ಪಡಿಸಿ ಸದ್ದನ್ನಷ್ಟೇ ದಾಟಿಸುವ ಸಾಧನ) ಹಾಕಿದೆ, ಅರ್ಧ ಕಡಿಮೆಯಾಯಿತು. ಉಳಿದರ್ಧ ಹೇಗೆ ಹೋಯಿತು ಅನ್ನುವುದು ನನ್ನ ಇಪ್ಪತ್ತು ವರ್ಷದ ದುಡಿಮೆಯ ಗುಟ್ಟು, ಅದನ್ನು ಇಲ್ಲಿ ಬರೆಯುವುದಿಲ್ಲ.

ನಿಜವಾದ ತಲೆನೋವು ಸಂಗೀತದ್ದು. ಕೀಬೋರ್ಡಿನಲ್ಲಿ ಉದ್ದಕ್ಕೆ ಹಿಡಿದ ಸ್ವರವನ್ನು ಫೋನು ಹಿನ್ನೆಲೆಯ ಗದ್ದಲ ಅಂದುಕೊಂಡು ಅಳಿಸಿಬಿಡುತ್ತದೆ. ತಬಲದಲ್ಲಿ ಬಲಗೈಯ ತೆಳು ಸದ್ದು ಮಾತ್ರ ಕೇಳುತ್ತದೆ, ಎಡಗೈಯ ದಪ್ಪ ನಾದ ಬರುವುದೇ ಇಲ್ಲ. ಹಳೇ ಕೀಪ್ಯಾಡ್ ಫೋನಿನಲ್ಲಿ 300ರಿಂದ 3400 ಹರ್ಟ್ಸ್‌ವರೆಗಿನ ಸದ್ದಷ್ಟೇ ದಾಟುವುದು. ನಾಲ್ಕು ಜನ ಸೇರಿ ಹಾಡಿದರೆ ನೀರಿನೊಳಗಿಂದ ಕೇಳಿದಂತೆ. ಕೊನೆಗೆ ವಾದ್ಯಗಳನ್ನೆಲ್ಲ ತೆಗೆಸಿದೆ. ಒಬ್ಬಳೇ ಹುಡುಗಿ, ಮೈಕ್‌ಗೆ ಹತ್ತಿರ ನಿಂತು, ಕೀರ್ತನೆಯ ಪಲ್ಲವಿಯನ್ನು ನಿಧಾನಕ್ಕೆ ಹಾಡುವುದು, ಅಷ್ಟೇ. ಗಾಯನ ವೃಂದದವರಿಗೆ ಬೇಸರವಾಯಿತು. ಆದರೆ ಲೈನಿನಲ್ಲಿ ಕೂತವರು ಆ ಪಲ್ಲವಿಯನ್ನು ಹಿಡಿದು ತಾವೂ ಹಾಡಿದರು. ವೃಂದ ಜೋರಾಗಿ ಹಾಡುತ್ತಿದ್ದ ದಿನಗಳಲ್ಲಿ ಅವರೆಲ್ಲ ಹೀಗೆ ಬಾಯಿ ಬಿಟ್ಟು ಹಾಡಿದ್ದು ನಾನು ಕಂಡಿಲ್ಲ.

ಆಮೇಲೆ ಮೌನ. ಬಲಿಪೂಜೆಯಲ್ಲಿ ಮೌನಕ್ಕೆ ಜಾಗವಿದೆ, ಫೋನಿನಲ್ಲಿ ಮೌನ ಅಂದರೆ ಕಾಲ್ ಕಟ್ಟಾಯಿತು ಎಂದೇ ಅರ್ಥ. ಫಾದರ್ ಪ್ರಬೋಧನೆ (ಪ್ರವಚನ) ಮುಗಿಸಿ ಒಂದು ನಿಮಿಷ ಕೂತರೆ ಆ ಕಡೆ "ಹಲೋ, ಹಲೋ" ಶುರು, ಇಲ್ಲವೇ ಕೆಂಪು ಬಟನ್ ಒತ್ತಿಬಿಡುವರು. ಅದಕ್ಕೆ ಉಪದೇಶಿಯವರು (ಫಾದರ್‌ಗೆ ನೆರವಾಗುವ ಚರ್ಚಿನ ಸೇವಕರು) ಮೊದಲೇ "ಈಗ ಮೌನವಾಗಿ ಪ್ರಾರ್ಥಿಸೋಣ" ಎಂದು ಹೇಳುವ ರೂಢಿ ಮಾಡಿದೆವು. ರೊಟ್ಟಿ ಮತ್ತು ಪಾತ್ರೆ ಎತ್ತುವಾಗಿನ ಗಂಟೆ ಆ ಕಡೆ ಕರ್ಕಶವಾಗಿ ಕೇಳುತ್ತಿತ್ತು. ಪವಿತ್ರ ಗುರುವಾರದಿಂದ ಗಂಟೆಯ ಬದಲು ಬಡಿಯುತ್ತೇವಲ್ಲ, ಆ ಮರದ ಹಲಗೆಯನ್ನು ಪರೀಕ್ಷೆಗೆ ಬಡಿಸಿ ನೋಡಿದೆ. ಎಷ್ಟು ಸ್ಪಷ್ಟವಾಗಿ ಹೋಯಿತು ಅಂದರೆ ಕೊನೆಯ ಮನೆಯವರೂ ಮೊಣಕಾಲೂರಿದರಂತೆ. ಪಾಸ್ಖ ಕಾಲದಲ್ಲಿ ಅದನ್ನು ಬಳಸಬಾರದು ಎಂದು ಫಾದರ್ ಒಪ್ಪಲಿಲ್ಲ. ಸರಿ, ಗಂಟೆಯನ್ನೇ ಮೈಕ್‌ನಿಂದ ದೂರ, ಪೂಜಾವಸ್ತ್ರಗಳ ಕೋಣೆಯ ಬಾಗಿಲಿಗೆ ಒಯ್ದೆವು. ತಕ್ಕಮಟ್ಟಿಗೆ ಸರಿಹೋಯಿತು.

ಇನ್ನೊಂದು ಕಾಟ, ಕರೆಗೆ ಮುಂಚೆ ಬರುತ್ತಿದ್ದ ಕೊರೊನಾ ಸಂದೇಶ. ಆ ಕೆಮ್ಮು ನಿಮಗೂ ನೆನಪಿರಬೇಕು. ಹದಿನೈದು ಕರೆಗೂ ಅದು ಮುಗಿಯುವವರೆಗೆ ಕಾಯಬೇಕು, ಆದ್ದರಿಂದ ಮೂವರು ಹುಡುಗರು ಪೂಜೆಗೆ ಇಪ್ಪತ್ತೈದು ನಿಮಿಷ ಮೊದಲೇ ಡಯಲ್ ಮಾಡಲು ಕೂರುತ್ತಿದ್ದರು. ನಡುವೆ ಯಾರಿಗಾದರೂ ಬೇರೆ ಕಾಲ್ ಬಂದು ಎತ್ತಿದರೆ "ನಿಮ್ಮ ಕರೆಯನ್ನು ಹೋಲ್ಡ್‌ನಲ್ಲಿ ಇಡಲಾಗಿದೆ" ಎಂಬ ಧ್ವನಿ ಆ ಫೋನಿನ ಐದೂ ಲೈನಿಗೆ ಕೇಳುತ್ತಿತ್ತು. ಎಲ್ಲ ಗುರಿಕಾರರಿಗೆ (ವಾರ್ಡಿನ ಮುಖ್ಯಸ್ಥರಿಗೆ) ಹೇಳಿ ಕಾಲ್ ವೇಟಿಂಗ್ ತೆಗೆಸಿದೆವು. ಒಂದು ಸಾಲಿನ ಮಗು ಅತ್ತರೆ, ಕೋಳಿ ಕೂಗಿದರೆ ಉಳಿದ ನಾಲ್ಕಕ್ಕೂ ಹೋಗುತ್ತಿತ್ತು. ಮ್ಯೂಟ್ ಒತ್ತಿ ಎಂದರೆ ಅರ್ಧ ಜನಕ್ಕೆ ಬಟನ್ ಸಿಗಲಿಲ್ಲ. ಆಕ್ಸ್ ವೈರಿನ ಪಿನ್ನಿನಲ್ಲೇ ಆ ಕಡೆಯ ಮೈಕ್ ಸುಮ್ಮನಾಗುವಂತೆ ಮಾಡುವ ಒಂದು ಉಪಾಯ ಇದೆ. ಅದನ್ನೂ ಬರೆಯುವುದಿಲ್ಲ, ಎದುರು ಸಿಕ್ಕರೆ ತೋರಿಸುತ್ತೇನೆ. ಎರಡು ಸಾಲು ಮನೆಗಳು ಎದುರುಬದುರು ಇದ್ದರೆ ಎರಡಕ್ಕೂ ಒಂದೇ ನೆಟ್‌ವರ್ಕಿನ ಸಿಮ್ ಕೊಡಿ. ಇಲ್ಲದಿದ್ದರೆ ಒಂದರ ಸದ್ದು ಅರ್ಧ ಸೆಕೆಂಡು ತಡವಾಗಿ ಬಂದು ಪ್ರಾರ್ಥನೆ ಕಲಸಿಹೋಗುತ್ತದೆ.

ಮೇ ತಿಂಗಳು ಮರಿಯಮ್ಮನವರದು. ದಿನಾ ಸಂಜೆ ಜಪಸರ (ಮಣಿ ಎಣಿಸುತ್ತ ಮರಿಯಮ್ಮನಿಗೆ ಮಾಡುವ ಪ್ರಾರ್ಥನೆ) ಫೋನಿನಲ್ಲೇ ಮಾಡೋಣವೇ ಎಂಬ ಮಾತು ಬಂದಾಗ ನನಗೆ ಹೊಳೆದದ್ದು, ಕಾನ್ಫರೆನ್ಸಿನಲ್ಲಿ ಐದು ಸಂಪರ್ಕ, ಜಪಸರದಲ್ಲಿ ಐದು ರಹಸ್ಯ (ಯೇಸು ಮತ್ತು ಮರಿಯಮ್ಮನವರ ಬದುಕಿನ ಘಟನೆಗಳನ್ನು ನೆನೆಯುವ ಭಾಗಗಳು). ಒಂದೊಂದು ಲೈನಿನವರು ಒಂದೊಂದು ರಹಸ್ಯ ನಡೆಸುವುದು, ಉಳಿದವರು ಉತ್ತರಿಸುವುದು. ಇದಕ್ಕೆ ಮೈಕ್ ತೆರೆದೇ ಇರಬೇಕು, ಮಗು ಅಳಲಿ, ನಾಯಿ ಬೊಗಳಲಿ. ಬಲಿಪೂಜೆಗಿಂತ ಇದೇ ಹೆಚ್ಚು ಗೆದ್ದಿತು. ಎರಡು ತಿಂಗಳಿಂದ ಮುಖ ಕಾಣದ ಅಕ್ಕತಂಗಿಯರು ಆ ತೋಟದಿಂದ ಈ ತೋಟಕ್ಕೆ ಒಬ್ಬರ ನಮೋ ಮರಿಯಾಕ್ಕೆ ಇನ್ನೊಬ್ಬರು ಉತ್ತರ ಕೊಟ್ಟರು. ಜಪ ಮುಗಿದ ಮೇಲೆ ಕಾಲ್ ಕಟ್ ಮಾಡಬೇಡಿ ಎಂದು ಬೇಡಿಕೊಳ್ಳುತ್ತಿದ್ದರು, ನಾವೂ ಹತ್ತು ನಿಮಿಷ ಬಿಡುತ್ತಿದ್ದೆವು. ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ, ಯಾರಿಗೆ ಬಿಪಿ ಮಾತ್ರೆ ಸಿಕ್ಕಿಲ್ಲ ಎಂದು ಪಾಲನಾ ಸಮಿತಿಗೆ ಗೊತ್ತಾದದ್ದು ಆ ಹತ್ತು ನಿಮಿಷಗಳಿಂದಲೇ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಬೆಲೆಬಾಳುವ ಭಾಗ ಅದು. ಜನರಿಗೆ ಪೀಠದ ಚಿತ್ರಕ್ಕಿಂತ ಪರಸ್ಪರರ ದನಿ ಬೇಕಿತ್ತು.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಮೊದಲು ಭಾನುವಾರದ ಕಾಣಿಕೆ ಮೂರು ಮೂರೂವರೆ ಸಾವಿರ ಬರುತ್ತಿತ್ತು. ಅದು ಸೊನ್ನೆಯಾಯಿತು. ಉಪದೇಶಿಯವರ ಸಂಬಳ, ಕರೆಂಟ್ ಬಿಲ್ಲು ನಿಲ್ಲುವುದಿಲ್ಲವಲ್ಲ. ಕ್ಯೂಆರ್ ಕೋಡ್ ಹಂಚಿದೆವು, ತಿಂಗಳಿಗೆ ಸಾವಿರದಷ್ಟು ಬಂತು, ಅದೂ ಅವೇ ಆರೇಳು ಮನೆಗಳಿಂದ. ಆಮೇಲೆ ಗುರಿಕಾರರ ಮೂಲಕ ಮನೆಗೊಂದು ಕವರ್ ಕೊಟ್ಟೆವು, ಆದವರು ಹಾಕಿ, ಆಗದವರು ಖಾಲಿ ಕೊಡಿ ಎಂದು. ಜೂನ್ ಕೊನೆಗೆ ಮೊದಲಿನ ಅರ್ಧದಷ್ಟಕ್ಕೆ ಬಂತು. ಕೆಲವು ಕವರಿನಲ್ಲಿ ದುಡ್ಡಿನ ಬದಲು "ನಮಗೆ ಅಕ್ಕಿ ಬೇಕು" ಎಂಬ ಚೀಟಿ ಇರುತ್ತಿತ್ತು. ಆ ಚೀಟಿಗಳಿಗಾಗಿಯಾದರೂ ಕವರ್ ವ್ಯವಸ್ಥೆ ಎಲ್ಲರೂ ಮಾಡಬೇಕು.

ಈ ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ಕಟ್ಟುವ ಆಸೆ ನನಗೆ ಬಹಳ ಇತ್ತು, ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಅದು ಅಪರಾಧ, ಕೈಬಿಟ್ಟೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರಿನ ಬ್ಯಾಟರಿಯೂ ಸಾಯುತ್ತದೆ, ಅದಕ್ಕೆ ಶನಿವಾರ ಸಂಜೆಯೇ ಪೂಜೆ ರೆಕಾರ್ಡ್ ಮಾಡಿ 32 ಕೆಬಿಪಿಎಸ್ ಮೊನೊ ಎಂಪಿ3 ಮಾಡುತ್ತಿದ್ದೆ. ಐವತ್ತು ನಿಮಿಷಕ್ಕೆ 12 ಎಂಬಿ, ವಾಟ್ಸಾಪಿನ ಮಿತಿಯೊಳಗೆ ಹೋಗುತ್ತಿತ್ತು. ತೀರಾ ಒಳಗಿನ ತೋಟಗಳಿಗೆ ಹಾಲಿನ ಡಿಪೋಗೆ ಬರುವವರ ಕೈಯಲ್ಲಿ ಮೆಮೊರಿ ಕಾರ್ಡ್ ಕಳಿಸಿದೆ. ಕೆಲಸವೇನೋ ಆಯಿತು, ಆದರೆ ಜನರಿಗೆ ಹಿಡಿಸಲಿಲ್ಲ. "ಅದು ನಿನ್ನೆಯ ಪೂಜೆ" ಅಂದರು. ಅವರ ಮಾತು ಸರಿ.

ಜೂನ್ 8ಕ್ಕೆ ಪ್ರಾರ್ಥನಾಲಯ ತೆರೆಯಲು ಅನುಮತಿ ಸಿಕ್ಕಿತು. ಆರಡಿ ಅಂತರ, ತೀರ್ಥ ಚಿಮುಕಿಸುವಂತಿಲ್ಲ, ಪ್ರತಿಮೆ ಮುಟ್ಟುವಂತಿಲ್ಲ, ವೃಂದ ಹಾಡುವಂತಿಲ್ಲ, ರೆಕಾರ್ಡ್ ಮಾಡಿದ ಗೀತೆ ಹಾಕಬಹುದು. ಮುನ್ನೂರು ಜನ ಕೂರುವ ಚರ್ಚಿನಲ್ಲಿ ಬೆಂಚು ಬಿಟ್ಟು ಬೆಂಚು ಕೂರಿಸಿದರೆ ಎಂಬತ್ತು. ವಾರ್ಡಿನಂತೆ ಟೋಕನ್ ಮಾಡಿದೆವು, ಫಾದರ್ ಭಾನುವಾರಕ್ಕೆ ನಾಲ್ಕು ಪೂಜೆ ಮಾಡಿದರು. ಆದರೆ 65 ದಾಟಿದವರು, ಹತ್ತು ವರ್ಷದೊಳಗಿನ ಮಕ್ಕಳು, ಬಸುರಿಯರು ಮನೆಯಲ್ಲೇ ಇರಬೇಕು ಎಂದು ಸೂಚನೆ. ಇನ್ನು ಫೋನ್ ಯಾಕೆ ಎಂದು ಕೇಳುತ್ತಿದ್ದವರೇ ತಮ್ಮ ಅಪ್ಪ ಅಮ್ಮನಿಗಾಗಿ ಸಂಪರ್ಕ ಕೇಳಿಕೊಂಡು ಬಂದರು. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ (ಮರಿಯಮ್ಮನವರ ಜನ್ಮದಿನ, ಹೊಸ ಬೆಳೆಯ ಹಬ್ಬ) ಮೆರವಣಿಗೆ ಇರಲಿಲ್ಲ. ಆಶೀರ್ವದಿಸಿದ ತೆನೆಯನ್ನು ಪೊಟ್ಟಣ ಕಟ್ಟಿ ಗುರಿಕಾರರು ಮನೆಮನೆಗೆ ಮುಟ್ಟಿಸಿದರು, ಮನೆಯವರು ತೆನೆ ಕೈಯಲ್ಲಿ ಹಿಡಿದು ಫೋನಿನಲ್ಲಿ ಪ್ರಾರ್ಥನೆ ಕೇಳಿದರು.

2021ರ ಏಪ್ರಿಲ್ ಕೊನೆಗೆ ಎರಡನೇ ಸಲ ಎಲ್ಲ ಮುಚ್ಚಿದಾಗ ನಾವು ಒಂದು ಭಾನುವಾರವನ್ನೂ ಕಳೆದುಕೊಳ್ಳಲಿಲ್ಲ. ಫೋನು, ವೈರು, ಗುರಿಕಾರರ ಪಟ್ಟಿ ಎಲ್ಲ ತಯಾರಿತ್ತು. ಆದರೆ ಆ ಅಲೆ ಬೇರೆಯೇ ಆಗಿತ್ತು. ಶವಸಂಸ್ಕಾರಕ್ಕೆ ಹೋಗಲು ಬಿಡುತ್ತಿದ್ದುದು ಬೆರಳೆಣಿಕೆಯ ಜನರನ್ನು. ಸಮಾಧಿಯ ಬಳಿ ಫೋನ್ ಹಿಡಿದು ನಿಲ್ಲುವ ಕೆಲಸ ನನ್ನದಾಯಿತು. ಅಲ್ಲಿ ಮಿಕ್ಸರ್ ಇಲ್ಲ, ಕಾಲರ್ ಮೈಕ್ ಒಂದೇ. ಗಾಳಿಗೆ ಅದರ ಮೇಲೆ ಹತ್ತಿ ಬಟ್ಟೆ ಎರಡು ಸುತ್ತು ಸುತ್ತಿ. ಐದು ಸಂಪರ್ಕ ಯಾರಿಗೆ ಎಂದು ಮನೆಯವರೇ ತೀರ್ಮಾನಿಸಲಿ, ನೀವು ಹೇಳಬೇಡಿ. ಮಣ್ಣು ಹಾಕುವ ಮೊದಲು ಆ ಕಡೆಯವರ ಮೈಕ್ ತೆರೆಸಿ, ಅವರಿಗೆ ಹೇಳಲು ಒಂದು ಮಾತು ಇದ್ದೇ ಇರುತ್ತದೆ.

ಈಗಲೂ ಒಂದು ಫೋನನ್ನು ಮಿಕ್ಸರ್‌ಗೆ ಜೋಡಿಸಿಯೇ ಇಟ್ಟಿದ್ದೇನೆ, ಹಾಸಿಗೆ ಹಿಡಿದ ನಾಲ್ಕೈದು ಹಿರಿಯರಿಗಾಗಿ. ತೊಂದರೆ ಏನೆಂದರೆ ಹಲವು ಹೊಸ ಫೋನುಗಳಲ್ಲಿ ಹೆಡ್‌ಫೋನ್ ಪಿನ್ನಿನ ತೂತೇ ಇಲ್ಲ. ಟೈಪ್-ಸಿ ಅಡಾಪ್ಟರ್ ಹಾಕಿ ನೋಡುತ್ತಿದ್ದೇನೆ, ಇನ್ನೂರರದ್ದು ಕರೆಯ ನಡುವೆ ಮೈಕ್ ಬಿಟ್ಟುಬಿಡುತ್ತದೆ, ಎಂಟುನೂರರದ್ದು ಇದುವರೆಗೆ ನಿಂತಿದೆ. ಹಳೇ ಜ್ಯಾಕ್ ಇರುವ ಫೋನು ನಿಮ್ಮ ಕಡೆ ಯಾರಾದರೂ ಎಸೆಯುವುದಿದ್ದರೆ ಎತ್ತಿಟ್ಟುಕೊಳ್ಳಿ.