ಒಂದು ಕುರ್ಚಿ, ಎರಡು ಪ್ಯಾಕೆಟ್ ಉಪ್ಪು

ನಲವತ್ತು ವರ್ಷ ಒಲೆ ಊದಿದವಳು ನಾನು. ಅಡುಗೆಮನೆ ಒಲೆ, ಬಚ್ಚಲ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ. ಬೀಡಿ ಮುಟ್ಟಿದವಳಲ್ಲ. ಆದ್ರೂ 63ನೇ ವಯಸ್ಸಿಗೆ ಸಿಒಪಿಡಿ ಅಂದ್ರು, ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ. ಊದಿಸಿ ನೋಡಿದಾಗ, ಮೊದಲ ಸೆಕೆಂಡಿನಲ್ಲಿ ಹೊರಬರಬೇಕಾದ ಗಾಳಿಯಲ್ಲಿ ಶೇ. 46 ಮಾತ್ರ ಬಂತು.

ಜಾಸ್ತಿ ಓಡಾಡಬೇಡಿ ಎಂದು ಯಾರೋ ಹೇಳಿದ್ದನ್ನು ಎರಡು ವರ್ಷ ಚಾಚೂ ತಪ್ಪದೆ ಪಾಲಿಸಿದೆ. ಸುಮ್ನೆ ಕೂತೆ. ತೊಡೆ ಸೊರಗಿತು. ಮಣೆಯಿಂದ ಏಳಲು ಗೋಡೆ ಹಿಡಿಯುವಂತಾಯಿತು.

ಆಮೇಲೆ ಆಸ್ಪತ್ರೆಯ ಫಿಸಿಯೋ ಹುಡುಗಿಯ ಕೈಗೆ ಸಿಕ್ಕೆ. 'ಅಮ್ಮಾ, ಶ್ವಾಸಕೋಶ ನನ್ನ ಕೈಲಿಲ್ಲ. ಕಾಲು ಇದೆ' ಅಂದಳು. ಸೊರಗಿದ ಕಾಲು ಬೇಗ ಸುಸ್ತಾಗುತ್ತದೆ, ಸುಸ್ತಾದ ಕಾಲು ಉಸಿರನ್ನು ಜಾಸ್ತಿ ಕೇಳುತ್ತದಂತೆ. ನಡೆದರೆ ನನಗೆ ಕಾಲು ದಣಿಯುವ ಮೊದಲೇ ಉಸಿರು ಕಟ್ಟುತ್ತಿತ್ತು. ಭಾರ ಎತ್ತುವಾಗ ಹಾಗಲ್ಲ. ಒಂದು ಸಲಕ್ಕೆ ಒಂದೇ ಕಡೆಯ ಸ್ನಾಯು ದುಡಿಯುತ್ತದೆ, ನಡುವೆ ಕೂತು ಸುಧಾರಿಸಿಕೊಳ್ಳಬಹುದು.

ಮೊದಲ ವ್ಯಾಯಾಮ ಕುರ್ಚಿಯಿಂದ ಏಳುವುದು. ಗೋಡೆಗೆ ಒರಗಿಸಿಟ್ಟ ಮರದ ಕುರ್ಚಿ, ಕೈ ಎದೆಯ ಮೇಲೆ ಕಟ್ಟಿಕೊಳ್ಳಬೇಕು. ಐದಕ್ಕೇ ಕಣ್ಣು ಕತ್ತಲೆ ಬಂತು. 'ಉಸಿರು ಹಿಡಿದ್ರಲ್ಲ' ಅಂದಳು. ಹೌದು! ಕೊಡ ಎತ್ತುವಾಗ ನಾವೆಲ್ಲ ಉಸಿರು ಬಿಗಿಹಿಡಿದೇ ಎತ್ತುವವರು ಅಲ್ವಾ? ಇಲ್ಲಿ ತದ್ವಿರುದ್ಧ. ಏಳುವಾಗ ಬಿಡಬೇಕು, ಕೂರುವಾಗ ತೆಗೆದುಕೊಳ್ಳಬೇಕು. ಬಿಡುವಾಗ ತುಟಿ ಸಣ್ಣಗೆ ಮಾಡಿ, ಊದುಗೊಳವೆ ಬಾಯಿಗಿಟ್ಟ ಹಾಗೆ, ಆದರೆ ಮೆಲ್ಲಗೆ. ಕೆಡಿಸಿದ್ದೂ ಅದೇ, ಈಗ ಕಾಯುವುದೂ ಅದೇ ಎಂದು ನಗು ಬಂತು. ಇದೊಂದು ಅಭ್ಯಾಸ ಆಗಲು ನನಗೆ ಎರಡು ವಾರ ಹಿಡಿಯಿತು.

ಆಮೇಲಿನದು ಸುಲಭ. ಅರ್ಧ ಕೆಜಿ ಉಪ್ಪಿನ ಪ್ಯಾಕೆಟ್ಟನ್ನು ಬಟ್ಟೆ ಚೀಲದಲ್ಲಿ ಹಾಕಿ ಕಣಕಾಲಿಗೆ ಕಟ್ಟಿ, ಕೂತಲ್ಲೇ ಕಾಲು ನೀಡುವುದು. ಎರಡು ಕೈಗೂ ಒಂದೊಂದು ನೀರಿನ ಬಾಟಲಿ. ಹತ್ತು ಸಲ, ಎರಡು ನಿಮಿಷ ವಿರಾಮ, ಮತ್ತೆ ಹತ್ತು. ಸೋಮವಾರ, ಬುಧವಾರ, ಶುಕ್ರವಾರ. ಹನ್ನೆರಡು ಸಲ ಸಲೀಸಾದ ಮೇಲೆಯೇ ಭಾರ ಏರಿಸುವುದು. ಡಾಕ್ಟರು ಹೇಳಿದ ಹಾಗೆ ಶುರುವಿಗೆ ಕಾಲು ಗಂಟೆ ಮೊದಲು ಇನ್‌ಹೇಲರ್. ಏದುಸಿರಿಗೆ ಸೊನ್ನೆಯಿಂದ ಹತ್ತರವರೆಗೆ ನಾವೇ ಅಂಕ ಕೊಟ್ಟುಕೊಳ್ಳಬೇಕು. ನಾಲ್ಕೈದು ಬಂದರೆ ಸರಿ, ಏಳು ಬಂದರೆ ಕೂತುಬಿಡಬೇಕು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಶೇ. 88ಕ್ಕಿಂತ ಇಳಿದರೂ ಅಷ್ಟೇ. ನಮ್ಮ ಮಳೆಗಾಲದ ಚಳಿಗೆ ಬೆರಳು ತಣ್ಣಗಿದ್ದರೆ ಅದು ಸುಳ್ಳೇ ಕಡಿಮೆ ತೋರಿಸುತ್ತದೆ. ಕೈ ಉಜ್ಜಿ ಬಿಸಿಮಾಡಿಕೊಂಡು ನೋಡಿ.

ನಾಲ್ಕನೇ ವಾರ ಹುಮ್ಮಸ್ಸು ಬಂದು, ಬಚ್ಚಲಿಗೆ ತುಂಬಿದ ಕೊಡ ಹೊತ್ತೆ. ಉಸಿರು ಹಿಡಿದೇ! ಆಕ್ಸಿಮೀಟರ್ 84 ತೋರಿಸಿತು. ಸೊಸೆ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಆಷಾಢದಲ್ಲಿ ಕಫ ಹಸಿರಾಗಿ, ಜ್ವರ ಬಂದು, ಸ್ಟೀರಾಯ್ಡ್ ಮಾತ್ರೆ ನುಂಗಿ ಹತ್ತು ದಿನ ಮಲಗಿದೆ. ಗಳಿಸಿದ ಬಲದಲ್ಲಿ ಅರ್ಧ ಹೋಯಿತು. ಅಳು ಬಂತು. ಡಾಕ್ಟರು ಸರಿ ಎಂದ ಮೇಲೆ ಅರ್ಧ ಭಾರದಿಂದಲೇ ಮತ್ತೆ ಶುರು ಮಾಡಿದೆ.

ಆರು ತಿಂಗಳ ಮೇಲೆ ಮತ್ತೆ ಊದಿಸಿದರು. ಅದೇ 46. ಆದರೆ ಆರು ನಿಮಿಷದಲ್ಲಿ ಮೊದಲು 290 ಮೀಟರ್ ನಡೆದವಳು 345 ನಡೆದೆ. ಕುರ್ಚಿಯಿಂದ ಹದಿನೈದು ಸಲ ಏಳುತ್ತೇನೆ. ತೋಟದ ಮೆಟ್ಟಿಲು ಹತ್ತುವಾಗ ನಡುವೆ ಒಂದೇ ಸಲ ನಿಲ್ಲುತ್ತೇನೆ.

ಕೈ ತಲೆಯ ಮೇಲೆತ್ತುವ ಕೆಲಸ ಮಾತ್ರ ಇವತ್ತಿಗೂ ಕಷ್ಟ. ಉಸಿರಾಟಕ್ಕೆ ಆಸರೆ ಕೊಡುವ ಭುಜ, ಕುತ್ತಿಗೆಯ ಸ್ನಾಯುಗಳೇ ಅಲ್ಲಿಯೂ ದುಡಿಯಬೇಕಲ್ಲ. ಅದಕ್ಕೆ ಬಟ್ಟೆ ಹರವುವ ತಂತಿಯನ್ನು ಮಗ ನನ್ನ ಎದೆಮಟ್ಟಕ್ಕೆ ಇಳಿಸಿ ಕಟ್ಟಿದ್ದಾನೆ. ಅಂಗಳದಲ್ಲಿ ಆಡುವ ಮೊಮ್ಮಗನ ಹಣೆಗೆ ಅದು ದಿನಕ್ಕೊಂದು ಸಲ ತಗುಲುತ್ತದೆ.