ತಳಕ್ಕೆ ಜಲ್ಲಿ ಬೇಡ, ಬತ್ತಿ ಸಾಕು

ಈ ಸಲ ತುಳುವರ ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆದು ಸೋಣ ಬಂದರೂ ನಮ್ಮ ಸಿಟೌಟಿನ ಆಂಥೂರಿಯಂ, ಪೀಸ್ ಲಿಲ್ಲಿ, ಸ್ನೇಕ್ ಪ್ಲಾಂಟ್ ಯಾವುದರ ಬುಡವೂ ಕೊಳೆತಿಲ್ಲ. ಹಿಂದೆಲ್ಲ ಮಳೆಗಾಲ ಮುಗಿಯುವಾಗ ಅರ್ಧಕ್ಕರ್ಧ ಹೋಗುತ್ತಿದ್ದವು. ಗಿಡ, ಮಣ್ಣು, ಚಟ್ಟಿ (ಹೂಕುಂಡ) ಎಲ್ಲ ಸೇರಿ ವರ್ಷಕ್ಕೆ ಎರಡು ಸಾವಿರದಷ್ಟು ದಂಡ. ತಳಕ್ಕೆ ಜಲ್ಲಿ ಹಾಕದೆ ನೆಡುತ್ತೇನೆ ಎಂದಾಗ ನರ್ಸರಿಯವರು, "ಹಾಗಾದ್ರೆ ನೀರು ಹೋಗುವುದು ಎಲ್ಲಿಂದ ಮಾರಾಯ್ರೆ?" ಎಂದು ಕೇಳಿದ್ದರು. ಈಗ ಅವರೇ ಬಂದು ನೋಡಿಹೋಗಿದ್ದಾರೆ.

ಮಣ್ಣಿನ ಚಟ್ಟಿ ತಂದರೆ ಎಲ್ಲ ಸರಿಯಾಗುತ್ತದೆ ಎಂಬ ಮಾತು ಘಟ್ಟದ ಮೇಲಿನವರಿಗೆ ಸರಿ. ಅಲ್ಲಿ ಚಟ್ಟಿಯ ಗೋಡೆಯಿಂದ ನೀರು ಆವಿಯಾಗಿ ಹೋಗುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಒಗೆದ ಬಟ್ಟೆಯೇ ಮೂರು ದಿನ ಒಣಗದ ಗಾಳಿಯಲ್ಲಿ ಚಟ್ಟಿ ಒಣಗುವುದು ಎಲ್ಲಿ ಬಂತು? ಉಡುಪಿ ಹತ್ತಿರದ ಪೆರ್ಡೂರಿನಿಂದ ಒಳ್ಳೆಯ ಚಟ್ಟಿಗಳನ್ನೇ ತಂದಿದ್ದೆ, ಒಂದಕ್ಕೆ ನೂರರ ಆಸುಪಾಸು. ಹೊರಗೆ ಪಾಚಿ, ಒಳಗೆ ಕೆಸರು. ಬೇಸಗೆಯಲ್ಲಿ ಅವು ಚಿನ್ನ, ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿಗಿಂತ ಹೆಚ್ಚೇನೂ ಅಲ್ಲ. ನಮ್ಮಲ್ಲಿ ನೀರು ಹೋಗಬೇಕಾದರೆ ತೂತಿನಿಂದಲೇ ಹೋಗಬೇಕು.

ಜಲ್ಲಿಯ ವಿಷಯ ಪರೀಕ್ಷಿಸಿಯೇ ಬಿಟ್ಟೆ. ಒಂದೇ ಅಳತೆಯ ಎರಡು ಚಟ್ಟಿಯಲ್ಲಿ ಒಂದಕ್ಕೆ ಎರಡಿಂಚು ಜಲ್ಲಿ, ಇನ್ನೊಂದಕ್ಕೆ ಬರೇ ಮಣ್ಣು. ನೀರು ಹೊಯ್ದು ಮರುದಿನ ಕವುಚಿ ನೋಡಿದರೆ ಜಲ್ಲಿಯ ಮೇಲೆ ಕೂತ ಮಣ್ಣು ಹಿಂಡಿದರೆ ನೀರು ಬರುವಷ್ಟು ಒದ್ದೆ. ಸಣ್ಣ ಮಣ್ಣು ತಾನು ತುಂಬಿ ತುಳುಕುವವರೆಗೆ ದೊಡ್ಡ ಕಲ್ಲಿನ ಸಂದಿಗೆ ನೀರು ಬಿಡುವುದಿಲ್ಲ. ಒದ್ದೆ ಪದರ ಜಲ್ಲಿಯಿಂದ ಇಲ್ಲವಾಗುವುದಿಲ್ಲ, ಬೇರಿನ ಹತ್ತಿರಕ್ಕೆ ಏರುತ್ತದೆ ಅಷ್ಟೆ. ಮುರಕಲ್ಲಿನ ಚೂರು ಹಾಕಲೇಬೇಕಾದರೆ ಮಣ್ಣಿನಲ್ಲಿ ಬೆರೆಸಿ. ಸುಡುಮಣ್ಣು, ದಪ್ಪ ಹೊಯಿಗೆ (ಮರಳು), ಕಲ್ಲಿನ ಚೂರು ಸೇರಿಸಿದ ಮಣ್ಣು ಸಲೀಸಾಗಿ ನೀರು ಬಿಡುತ್ತದೆ.

ಭಾವ ಮಾತ್ರ ನಂಬಲಿಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಕ್ಕೆ ಹಿಡಿದೆ. ಒಂದಿಷ್ಟು ತೊಟ್ಟಿಕ್ಕಿ ನಿಂತಿತು. ಅದನ್ನೇ ಉದ್ದಕ್ಕೆ ಹಿಡಿದಾಗ ಮತ್ತೆ ಧಾರೆ ಇಳಿಯಿತು. ಚಟ್ಟಿಯ ಮಣ್ಣೂ ಹಾಗೆಯೇ, ಎತ್ತರ ಹೆಚ್ಚಿದಷ್ಟೂ ನೀರು ಹೆಚ್ಚು ಇಳಿಯುತ್ತದೆ. ಅಗಲ ಬೋಗುಣಿ ಬಿಟ್ಟು ಎತ್ತರದ ಚಟ್ಟಿ ಹಿಡಿದದ್ದು ಇದಕ್ಕೇ. ಪೈಂಟಿನ ಖಾಲಿ ಬಕೆಟ್ ಮೂವತ್ತು ನಲವತ್ತು ರೂಪಾಯಿಗೆ ಸಿಗುತ್ತದೆ. ಚೆನ್ನಾಗಿ ತೊಳೆದು, ಕಾಯಿಸಿದ ಸರಳಿನಿಂದ ತಳದಲ್ಲಿ ಆರೇಳು ತೂತು, ತಳದ ಅಂಚಿಗೆ ತಾಗಿ ಬದಿಯಲ್ಲೂ ನಾಲ್ಕು. ತಳದ ತೂತು ಟೈಲ್ಸಿಗೆ ಅಂಟಿ ಮುಚ್ಚಿದರೂ ಬದಿಯದು ಕೆಲಸ ಮಾಡುತ್ತದೆ. ಅಡಿಗೆ ಹಂಚಿನ ಮೂರು ತುಂಡು ಇಟ್ಟರೆ ಇನ್ನೂ ಒಳ್ಳೆಯದು. ಹಳೆ ಮನೆ ಕೆಡವಿದಲ್ಲಿ ಬಾಸೆಲ್ ಮಿಶನ್ ಮುದ್ರೆಯ ಹಂಚು ಸಿಕ್ಕರೆ ದಯವಿಟ್ಟು ಒಡೆಯಬೇಡಿ. 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಮಿಶನರಿಗಳು ಶುರುಮಾಡಿದ ಹಂಚಿನ ಕಸುಬಿನ ಗುರುತು ಅದು. ಚಟ್ಟಿಯ ಅಡಿಗೆ ಬೇರೆ ತುಂಡು ಬೇಕಾದಷ್ಟಿದೆ.

ಪಿಂಗಾಣಿ ಚಟ್ಟಿಗೆ ತೂತು ಕೊರೆಯಲು ಗೋಡೆಗೆ ಬಳಸುವ ಡ್ರಿಲ್ ಬಿಟ್ ಹಾಕಿದಾಗ ಎರಡು ಸೀಳಿದವು, ಎಂಟುನೂರರಷ್ಟು ಹೋಯಿತು. ಆಮೇಲೆ ಇನ್ನೂರು ಚಿಲ್ಲರೆಯ ಡೈಮಂಡ್ ಬಿಟ್ ತಂದೆ, 10 ಮಿಲಿಮೀಟರಿನದು. ಚಟ್ಟಿ ಕವುಚಿ, ಟೇಪ್ ಅಂಟಿಸಿ, ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ, ನೀರು ಹನಿಸುತ್ತ ನಿಧಾನಕ್ಕೆ ಕೊರೆಯಬೇಕು. ಕೊನೆಗೆ ಒತ್ತಿದರೆ ಚಕ್ಕೆ ಏಳುತ್ತದೆ. ಕೊರೆಯಲು ಮನಸ್ಸಿಲ್ಲದಿದ್ದರೆ ಒಳಗೆ ಪ್ಲಾಸ್ಟಿಕ್ ಚಟ್ಟಿ ಇಳಿಸಿ, ಅಡಿಯ ನೀರು ಚೆಲ್ಲುತ್ತಿರಿ. ಮಂಗಳೂರಿನ 2019ರ ಡೆಂಗಿ ನೆನಪಿದ್ದವರಿಗೆ ಹೇಳಬೇಕಿಲ್ಲ, ತಟ್ಟೆಯಲ್ಲಿ ವಾರ ನಿಂತ ನೀರು ಸೊಳ್ಳೆಗೆ ಸಾಕು.

ಇನ್ನು ಬತ್ತಿ. ತೂತಿನಿಂದ ಒಂದು ದಾರ ಪೋಣಿಸಿ, ಮೇಲ್ತುದಿ ಮಣ್ಣಿನೊಳಗೆ ನಾಲ್ಕಿಂಚು, ಕೆಳತುದಿ ಚಟ್ಟಿಯ ಅಡಿಯಿಂದ ನಾಲ್ಕಿಂಚು ನೇತಾಡಬೇಕು. ಹಾಗಾಗಿ ಚಟ್ಟಿ ಸ್ಟ್ಯಾಂಡಿನ ಮೇಲಿರಬೇಕು. ತಳದಲ್ಲಿ ಉಳಿಯುವ ನೀರನ್ನೂ ಅದು ಎಳೆದು ತೊಟ್ಟಿಕ್ಕಿಸುತ್ತದೆ. ಹತ್ತಿಯ ದಾರ ತಿಂಗಳೊಳಗೆ ಕೊಳೆಯಿತು. ನುಣುಪು ನೈಲಾನ್ ನೀರು ಹೀರುವುದೇ ಇಲ್ಲ. ನಾನು ಬಳಸುವ ದಾರ ಯಾವುದೆಂದು ಇಲ್ಲಿ ಹೇಳುವುದಿಲ್ಲ. ಕೊಳೆಯದ, ಆದರೆ ನೀರು ಹೀರುವ ದಾರ ಹುಡುಕಿ, ಸೆಂಟ್ರಲ್ ಮಾರ್ಕೆಟ್ ಸುತ್ತಮುತ್ತಲೇ ಸಿಗುತ್ತದೆ.

ನಡುವೆ ಅಡಿಕೆ ಹಾಳೆಯ ಚಟ್ಟಿಯನ್ನೂ ಮಾಡಿ ನೋಡಿದೆ, ಬೂಸ್ಟು ಹಿಡಿದು ಹೋಯಿತು. ತೆಂಗಿನ ಗೆರಟೆಯ ಮೂರು ಕಣ್ಣನ್ನೂ ತೆರೆದು ಡೆಂಡ್ರೋಬಿಯಂ ಆರ್ಕಿಡ್ ಕೂರಿಸಿದ್ದು ಮಾತ್ರ ಗೆದ್ದಿತು. ಒಳಗೆ ಬರೇ ಇದ್ದಿಲು. ತೆಂಗಿನ ಸಿಪ್ಪೆಯ ತುಂಡು ಮಳೆಗಾಲದಲ್ಲಿ ನೀರು ಕುಡಿದು ಬೇರು ಕೊಳೆಸುತ್ತದೆ.

ದೀಪಾವಳಿ ಕಳೆದ ಮೇಲೆ ಬತ್ತಿಯ ಕೆಲಸ ಇಲ್ಲ, ಮೇಲೆ ಮಡಚಿ ಕಟ್ಟುತ್ತೇನೆ. ಎಪ್ರಿಲಿನಲ್ಲಿ ಊರಿಗೆ ಹೋಗುವಾಗ ಅದನ್ನೇ ಬಿಚ್ಚಿ, ಮುಚ್ಚಳಕ್ಕೆ ತೂತು ಮಾಡಿದ ನೀರಿನ ಬಾಟ್ಲಿಗೆ ಇಳಿಸುತ್ತೇನೆ. ಆಗ ಅದು ನೀರನ್ನು ಮೇಲಕ್ಕೆ ಎಳೆಯುತ್ತದೆ, ಒಂದು ವಾರದವರೆಗೆ ಗಿಡ ಬಾಡುವುದಿಲ್ಲ.