ಸ್ಟೆಂಟಾ ಬೈಪಾಸಾ: ನಾನು ಹೇಗೆ ಡಿಸೈಡ್ ಮಾಡ್ದೆ

ನಂಗೆ ಬಹಳ ವರ್ಷದಿಂದ ಶುಗರ್ ಇದೆ, ಮಾತ್ರೆ ಸಾಲದೆ ಇನ್ಸುಲಿನ್‌ಗೂ ಬಂದಾಯ್ತು. ಮೆಟ್ಲು ಹತ್ತುವಾಗ ಎದೆ ಹಿಡ್ಕೊಂಡ ಹಾಗಾಗೋದು, ನಿಂತ್ರೆ ಕಮ್ಮಿಯಾಗೋದು, ಮಾತ್ರೆ ತಗೊಂಡ್ರೂ ಪೂರ್ತಿ ಹೋಗ್ಲಿಲ್ಲ ಅಂತ ಆಂಜಿಯೋಗ್ರಾಂ ಮಾಡ್ಸಿದ್ವಿ. ಮೂರೂ ರಕ್ತನಾಳದಲ್ಲಿ ಬ್ಲಾಕ್, ಅದ್ರಲ್ಲೂ ಎಲ್‌ಎಡಿ, ಅಂದ್ರೆ ಹೃದಯದ ಮುಂಭಾಗಕ್ಕೆ ರಕ್ತ ಕೊಡೋ ದೊಡ್ಡ ನಾಳದ ಶುರುವಿನಲ್ಲೇ.

ಸುದ್ದಿ ಗೊತ್ತಾಗಿದ್ದೇ ತಡ ನೆಂಟರೆಲ್ಲ ಡಾಕ್ಟ್ರಾದ್ರು. ಬೈಪಾಸ್ ಅಂತ ಎದೆ ಸೀಳಿಸ್ಕೋಬೇಡ, ಸ್ಟೆಂಟ್ (ನಾಳ ತೆರೆದಿಡೋ ಸಣ್ಣ ಜಾಲರಿ ಕೊಳವೆ) ಹಾಕ್ಸು, ಎರಡು ದಿನಕ್ಕೆ ಮನೇಲಿರ್ತೀಯ ಅಂತ ಎಲ್ರದ್ದೂ ಒಂದೇ ಮಾತು. ಹಾರ್ಟ್ ಅಟ್ಯಾಕ್ ಆಗ್ತಾ ಇದ್ರೆ ಸಾಮಾನ್ಯವಾಗಿ ಮೊದ್ಲು ಸ್ಟೆಂಟೇ, ಯೋಚ್ನೆ ಮಾಡ್ತಾ ಕೂರೋಕೆ ಟೈಮೇ ಇರಲ್ಲ. ನಂದು ಅಷ್ಟು ಅರ್ಜೆಂಟ್ ಕೇಸಲ್ಲ ಅಂತ ಡಾಕ್ಟ್ರೇ ಹೇಳಿದ್ರು, ಹಾಗಾಗಿ ಆಂಜಿಯೋಗ್ರಾಂ ಸಿಡಿ ಹಿಡ್ಕೊಂಡು ಬೇರೆ ಆಸ್ಪತ್ರೆಯ ಒಬ್ಬ ಕಾರ್ಡಿಯಾಲಜಿಸ್ಟ್ ಹತ್ರಾನೂ ಒಬ್ಬ ಸರ್ಜನ್ ಹತ್ರಾನೂ ಹೋದೆ. ಇಬ್ರಿಗೂ ಕೇಳಿದ್ದು ಒಂದೇ ಪ್ರಶ್ನೆ, ನನ್ನ ಸಿಂಟ್ಯಾಕ್ಸ್ ಸ್ಕೋರ್, ಅಂದ್ರೆ ಬ್ಲಾಕ್‌ಗಳು ಎಷ್ಟು ಜಟಿಲ ಅನ್ನೋ ಅಂಕ, ಎಷ್ಟು? ಬ್ಲಾಕ್ ಎಲ್ಲೆಲ್ಲಿದೆ, ಎಷ್ಟು ಉದ್ದ, ಕವಲಲ್ಲಿದ್ಯಾ, ಕ್ಯಾಲ್ಸಿಯಂ ಕಟ್ಟಿದ್ಯಾ ಅಂತೆಲ್ಲ ನೋಡಿ ಆಂಜಿಯೋಗ್ರಾಂನಿಂದ್ಲೇ ಲೆಕ್ಕ ಹಾಕ್ತಾರೆ. 22ರ ತನಕ ಕಮ್ಮಿ, 32 ದಾಟಿದ್ರೆ ಜಾಸ್ತಿ, ಜಾಸ್ತಿಯಾದಷ್ಟೂ ಬೈಪಾಸ್ ಕಡೆಗೇ ಒಲವು. ನಂದು ಮಧ್ಯದಲ್ಲಿತ್ತು, ಅಂದ್ರೆ ಬರೀ ಸ್ಕೋರ್ ನೋಡಿ ತೀರ್ಮಾನ ಮಾಡೋ ಹಾಗಿರ್ಲಿಲ್ಲ.

ತೀರ್ಮಾನ ಮಾಡಿದ್ದು ಶುಗರ್. ಸರ್ಜನ್ ಸ್ಕ್ರೀನ್ ಮೇಲೆ ಬೆರಳಿಟ್ಟು ತೋರ್ಸಿದ್ರು, ಸ್ಟೆಂಟ್ ರಿಪೇರಿ ಮಾಡೋದು ಈ ಒಂದು ಜಾಗವನ್ನ, ಬೈಪಾಸ್‌ನಲ್ಲಿ ಜೋಡಿಸೋ ಬೇರೆ ನಾಳ, ಅಂದ್ರೆ ಗ್ರಾಫ್ಟ್, ಹೋಗಿ ಸೇರೋದು ಇದಕ್ಕಿಂತ ಕೆಳಗೆ, ನಾಳೆ ಮೇಲಿನ ಭಾಗದಲ್ಲಿ ಹೊಸ ಬ್ಲಾಕ್ ಬಂದ್ರೂ ಕೆಳಗಡೆಗೆ ರಕ್ತ ಹೋಗ್ತಾನೇ ಇರುತ್ತೆ, ಶುಗರ್ ಇರೋರಿಗೆ ಕಾಯಿಲೆ ನಾಳದುದ್ದಕ್ಕೂ ಹರಡೋದ್ರಿಂದ ಇದೇ ದೊಡ್ಡ ವ್ಯತ್ಯಾಸ ಅಂದ್ರು. 2012ರ ಫ್ರೀಡಂ ಟ್ರಯಲ್ ಅನ್ನೋ ಅಧ್ಯಯನ ಇಂಥೋರ ಮೇಲೇ ಮಾಡಿದ್ದು, 1,900 ಜನ, ಎಲ್ರಿಗೂ ಶುಗರ್, ಒಂದಕ್ಕಿಂತ ಹೆಚ್ಚು ನಾಳದಲ್ಲಿ ಬ್ಲಾಕ್. ಐದು ವರ್ಷದಲ್ಲಿ ಸಾವು, ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಮೂರೂ ಸೇರಿ ಸ್ಟೆಂಟ್ ಹಾಕ್ಸಿದವ್ರಲ್ಲಿ ಶೇ. 26.6, ಬೈಪಾಸ್‌ನವ್ರಲ್ಲಿ ಶೇ. 18.7. ಆದ್ರೆ ಸ್ಟ್ರೋಕ್ ಮಾತ್ರ ತಗೊಂಡ್ರೆ ಉಲ್ಟಾ, ಬೈಪಾಸ್‌ನಲ್ಲಿ ಶೇ. 5.2, ಸ್ಟೆಂಟ್‌ನಲ್ಲಿ 2.4. ಹೆಂಡ್ತಿ ಹೆದರಿದ್ದು ಈ ನಂಬರಿಗೇ. ಅದಕ್ಕೆ ಮೆದುಳಿಗೆ ರಕ್ತ ಒಯ್ಯೋ ಕತ್ತಿನ ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಮಾಡ್ಸಿ, ಅದು ಕ್ಲಿಯರ್ ಇದೆ ಅಂತ ಗೊತ್ತಾದ ಮೇಲೇ ಬೈಪಾಸ್‌ಗೆ ಸೈನ್ ಹಾಕಿದ್ದು.

ಎಲ್‌ಎಡಿಗೆ ಎದೆಗೋಡೆ ಒಳಗಿನ ಲಿಮಾ ಅನ್ನೋ ಆರ್ಟರಿ ಜೋಡಿಸಿದ್ರು, ಉಳಿದವಕ್ಕೆ ಕಾಲಿನ ವೇಯ್ನ್. ಲಿಮಾ ಹತ್ತು ವರ್ಷ ಆದ್ಮೇಲೂ ನೂರಕ್ಕೆ ತೊಂಬತ್ತು ಜನಕ್ಕೆ ತೆರೆದೇ ಇರುತ್ತಂತೆ, ಕಾಲಿನ ವೇಯ್ನ್ ಅಷ್ಟು ಬಾಳಿಕೆ ಬರಲ್ಲ, ಹತ್ತು ವರ್ಷಕ್ಕೆ ಹೆಚ್ಚುಕಮ್ಮಿ ಅರ್ಧ ಮುಚ್ಚಿರುತ್ತೆ.

ಆಮೇಲಿನ ಕಥೆ ಯಾರೂ ಸರಿಯಾಗಿ ಹೇಳಲ್ಲ. ಎದೆಗಿಂತ ಕಾಲಿನ ಗಾಯವೇ ಜಾಸ್ತಿ ಕಾಡಿದ್ದು, ಸಂಜೆಯಾದ್ರೆ ಪಾದ ಊದ್ಕೊಳ್ಳೋದು. ಕೆಮ್ಮು ಬಂದ್ರೆ ದಿಂಬು ಎದೆಗೆ ಗಟ್ಟಿಯಾಗಿ ಅಪ್ಕೊಂಡೇ ಕೆಮ್ಮಬೇಕು, ಯಾಕಂದ್ರೆ ಸೀಳಿದ ಎದೆಮೂಳೆ ಸ್ಟೀಲ್ ವೈರಲ್ಲಿ ಕಟ್ಟಿರ್ತಾರೆ, ಅದು ಕೂಡ್ಕೊಳ್ಳೋಕೆ ಆರರಿಂದ ಎಂಟು ವಾರ ಬೇಕು. ಅಲ್ಲೀತನಕ ಬೈಕ್ ಇಲ್ಲ, ನೀರಿನ ಕೊಡ ಎತ್ತೋ ಹಾಗಿಲ್ಲ, ಹಾಸಿಗೆಯಿಂದ ಏಳುವಾಗ ಕೈ ಊರೋ ಹಾಗಿಲ್ಲ, ಮಗ್ಗುಲಾಗಿ ಕಾಲು ಇಳಿಸಿ ಏಳ್ಬೇಕು. ಉಸಿರಾಟದ ವ್ಯಾಯಾಮಕ್ಕೆ ಮೂರು ಬಾಲ್ ಇರೋ ಪ್ಲಾಸ್ಟಿಕ್ ಡಬ್ಬಿ ಕೊಡ್ತಾರಲ್ಲ, ಊದೋದಲ್ಲ, ಉಸಿರು ಒಳಗೆಳೆದು ಬಾಲ್ ಮೇಲೆತ್ತೋದು, ಮೊದಮೊದಲು ಒಂದೇ ಬಾಲ್ ಅಲ್ಲಾಡ್ತಿತ್ತು. ಸುಮ್‌ಸುಮ್ನೆ ಅಳು ಬರೋದು ಬೇರೆ, ಅದೂ ಮಾಮೂಲು ಅಂತ ಫಿಸಿಯೋ ಹುಡುಗಿ ಹೇಳಿದ್ಮೇಲೆ ಸಮಾಧಾನ.

ನನ್ನ ಫ್ರೆಂಡ್ ಒಬ್ನಿಗೆ ಒಂದೇ ಬ್ಲಾಕ್, ಶುಗರ್ ಇಲ್ಲ, ಸ್ಟೆಂಟ್ ಹಾಕ್ಸಿ ಅದೇ ವಾರ ಅಂಗಡಿ ಬಾಗ್ಲು ತೆಗೆದ, ಅವನಿಗೆ ಅದೇ ಸರಿ. ಸ್ಟೆಂಟ್ ರೇಟಿಗೂ 2017ರಿಂದ ಸರ್ಕಾರದ ಮಿತಿ ಇದೆ, ಆದ್ರೆ ಬಿಲ್ಲಲ್ಲಿ ಸ್ಟೆಂಟ್ ಒಂದೇ ಇರಲ್ಲ, ಒಟ್ಟು ಎಷ್ಟಾಗುತ್ತೆ ಅಂತ ಮೊದ್ಲೇ ಬರೆಸ್ಕೊಳ್ಳಿ. ನಮ್ಮಿಬ್ರಿಗೂ ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ನಿಲ್ಲೋ ಹಾಗಿಲ್ಲ, ಅವನಿಗೆ ರಕ್ತ ತೆಳು ಮಾಡೋ ಇನ್ನೊಂದು ಮಾತ್ರೆ ಜಾಸ್ತಿ, ನಂಗೆ ಇನ್ಸುಲಿನ್ ಜಾಸ್ತಿ.